ಒಲೆ ಮೇಸ್ತ್ರಿಯನ್ನು ಕೇಳಿ: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಹೋದ ವಾರ ಹೇಳಿದಂತೆ ದಾವಣಗೆರೆಯ ಮೇಸ್ತ್ರಿಗಳು ಇವತ್ತು ಬೆಳಿಗ್ಗೆ 10ರಿಂದ ಗುಂಪಿನಲ್ಲಿರುತ್ತಾರೆ. 24 ವರ್ಷದಿಂದ ಗ್ಯಾಸ್ ಒಲೆ ರಿಪೇರಿ ಮಾಡುತ್ತಿರುವವರು. ಒಬ್ಬರಿಗೆ ಒಂದೇ ಪ್ರಶ್ನೆ. ಮೇಲಿನ ಉತ್ತರ ಓದಿ ಆಮೇಲೆ ಕೇಳಿ. ಫಾರ್ವರ್ಡ್ ಮೆಸೇಜ್ ದಯವಿಟ್ಟು ಬೇಡ.

ಮುದ್ದೆ ಪ್ರಿಯ: ಮೇಸ್ತ್ರಿಗಳೇ, ಮೂರು ಬರ್ನರ್ ಒಲೆ. ಎಡಗಡೆಯದರಲ್ಲಿ ಮಾತ್ರ ಉರಿ ತೀರಾ ಸಣ್ಣ. ಮುದ್ದೆಗೆ ಎಸರು ಕುದಿಯೋಕೇ ಅರ್ಧ ಗಂಟೆ.

ಮೇಸ್ತ್ರಿ: ಸಾರ್, ಇಂಥದ್ದಕ್ಕೆ ಮೊದಲು ಒಂದು ಲೆಕ್ಕ ತಿಳ್ಕೊಳ್ಳಿ. ಒಂದೇ ಬರ್ನರ್ ಸಣ್ಣಗೆ ಉರಿದರೆ ತೊಂದರೆ ಒಲೆಯಲ್ಲಿ. ಮೂರೂ ಸಣ್ಣಗಾದರೆ ತೊಂದರೆ ಸಿಲಿಂಡರ್, ರೆಗ್ಯುಲೇಟರ್ ಅಥವಾ ಪೈಪಿನಲ್ಲಿ. ನಿಮ್ಮದು ಮೊದಲನೆಯ ಜಾತಿ. ಸಾರೋ ಹಾಲೋ ಉಕ್ಕಿ ಬರ್ನರ್ ತೂತು ಕಟ್ಟಿರುತ್ತೆ. ಪೂರ್ತಿ ತಣ್ಣಗಾದ ಮೇಲೆ ಬರ್ನರ್ ಎತ್ತಿ, ಬಿಸಿ ಸೋಪಿನ ನೀರಲ್ಲಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಉಜ್ಜಿ, ಗುಂಡುಪಿನ್ನಿನಿಂದ ಒಂದೊಂದೇ ತೂತು ಬಿಡಿಸಿ. ಒಣಗಿಸಿಯೇ ಹಾಕಬೇಕು, ಒದ್ದೆ ಬರ್ನರ್ ಸರಿಯಾಗಿ ಉರಿಯಲ್ಲ. ಕೆಳಗಿನ ಟ್ಯೂಬಿನೊಳಗೂ ಒಮ್ಮೆ ಟಾರ್ಚ್ ಹಾಕಿ ನೋಡಿ, ಜಿರಲೆ ಮರಿ, ಜೇಡರ ಬಲೆ ಎಲ್ಲ ಸಿಕ್ಕಿದೆ ನನಗೆ. ಆದರೆ ಜೆಟ್ಟಿಗೆ, ಅಂದರೆ ಗ್ಯಾಸ್ ಚಿಮ್ಮುವ ಆ ಸಣ್ಣ ಹಿತ್ತಾಳೆ ಮೂತಿಗೆ, ಸೂಜಿ ತೂರಿಸಬೇಡಿ. ಹಿತ್ತಾಳೆ ಮೆತ್ತಗಿರುತ್ತೆ, ತೂತು ದೊಡ್ಡದಾಗುತ್ತೆ. ಆಮೇಲೆ ಪಾತ್ರೆ ತಳಕ್ಕೆಲ್ಲ ಮಸಿ.

ತುಮಕೂರು ಅಕ್ಕ: ಹಿತ್ತಾಳೆ ಬರ್ನರ್‌ಗೆ ಹುಣಸೆಹುಳಿ ಹಚ್ಚಬಹುದಾ ಅಣ್ಣಾ?

ಮೇಸ್ತ್ರಿ: ಹಿತ್ತಾಳೆಗೆ ಹಚ್ಚಬಹುದು, ಚೆನ್ನಾಗಿ ತೊಳೆಯಬೇಕು ಅಷ್ಟೇ. ಬೆಳ್ಳಗಿರೋ ಅಲ್ಯುಮಿನಿಯಂ ಬರ್ನರ್ ಆದರೆ ಬೇಡ. ಹುಳಿ ಅದನ್ನು ತಿನ್ನುತ್ತೆ.

ರೇಷ್ಮೆ ಸೀರೆ: ನಾಬ್ ತಿರುಗಿಸೋಕೇ ಆಗ್ತಿಲ್ಲ. ಇಕ್ಕಳ ಹಾಕಿ ತಿರುಗಿಸ್ತಿದ್ದೇನೆ.

ಮೇಸ್ತ್ರಿ: ಇಕ್ಕಳ ಬಿಡಿ ಅಮ್ಮಾ. ಒಳಗಿನ ಗ್ರೀಸ್ ಒಣಗಿದೆ. ಬಿಚ್ಚಿ, ಒರೆಸಿ, ಶಾಖ ತಡೆಯುವ ಗ್ರೀಸ್ ಹಾಕಬೇಕು. ಮೆಕ್ಯಾನಿಕ್‌ಗೆ ಹತ್ತು ನಿಮಿಷದ ಕೆಲಸ. ನೀವೇ ಬಿಚ್ಚಬೇಡಿ, ತಪ್ಪಾಗಿ ಕೂರಿಸಿದರೆ ಅಲ್ಲಿಂದಲೇ ಗ್ಯಾಸ್ ಲೀಕ್ ಆಗುತ್ತೆ.

ನಿವೃತ್ತ ಮಾವ: ಎರಡು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟರೆ ಬೆಣ್ಣೆ ಹಾಗೆ ತಿರುಗುತ್ತೆ. ನಮ್ಮನೇಲಿ ಹತ್ತು ವರ್ಷದಿಂದ ಹಾಗೇ ಮಾಡ್ತಿದ್ದೇವೆ. ಸುಮ್ನೆ ಮೆಕ್ಯಾನಿಕ್‌ಗೆ ದುಡ್ಡು ಯಾಕೆ?

ಮೇಸ್ತ್ರಿ: ಎಣ್ಣೆ ಕಾದು ಕಾದು ಅಂಟಾಗುತ್ತೆ ಸಾರ್. ಆಮೇಲೆ ನಾಬ್ ಆಫ್ ಮಾಡಿದರೂ ಪೂರ್ತಿ ಮುಚ್ಚಲ್ಲ. ಎಣ್ಣೆ ದೋಸೆಗೆ ಇಡಿ.

ರೇಷ್ಮೆ ಸೀರೆ: 😂

ನಿವೃತ್ತ ಮಾವ: ನಗುವಂಥದ್ದೇನಿಲ್ಲ.

ತೀರ್ಥಹಳ್ಳಿ ಸೊಸೆ: ನಮಸ್ಕಾರ ಮೇಸ್ತ್ರಿಗಳೇ. ನಮ್ಮನೆ ಒಲೆಯಲ್ಲಿ ಉರಿ ಉದ್ದಕ್ಕೆ, ಹಳದಿಯಾಗಿ ಬರುತ್ತೆ. ಕುಕ್ಕರ್ ತಳ ಕಪ್ಪೋ ಕಪ್ಪು, ಒಂದೇ ದಿನಕ್ಕೆ ಬೂದಿ ಹಾಕಿ ಉಜ್ಜಬೇಕು. ಬರ್ನರ್ ಎರಡು ಸಲ ತೊಳೆದೆ, ಏನೂ ಆಗಲಿಲ್ಲ. ಏನು ಮಾಡಲಿ?

ಮೇಸ್ತ್ರಿ: ಎಲ್ಲಾ ಬರ್ನರೂ ಹಾಗೇನಾ? ಎಷ್ಟು ದಿನದಿಂದ? ಒಲೆ ಎಲ್ಲಿ ತಗೊಂಡಿದ್ದು?

ಹುಬ್ಬಳ್ಳಿ ಮಂದಿ: ಗಾಜಿನ ಟಾಪ್ ಛಲೋನೋ ಸ್ಟೀಲ್ ಛಲೋನೋ ಅಣ್ಣಾರ?

ವಾಟ್ಸಾಪ್ ತಾತ: *ಫಾರ್ವರ್ಡ್:* ಸಿಲಿಂಡರ್ ಮುಗಿಯುವ ಹೊತ್ತಿಗೆ ಕುದಿಯುವ ನೀರಿನ ಟಬ್ಬಿನಲ್ಲಿಟ್ಟರೆ ಅಥವಾ ಅಡ್ಡ ಮಲಗಿಸಿದರೆ ಇನ್ನೂ 4 ದಿನ ಗ್ಯಾಸ್ ಬರುತ್ತದೆ!! ಎಲ್ಲರಿಗೂ ಕಳಿಸಿ 🙏🙏

ಮೇಸ್ತ್ರಿ: ಯಾರಿಗೂ ಕಳಿಸಬೇಡಿ. ಸಿಲಿಂಡರಿನೊಳಗೆ ಗ್ಯಾಸ್ ಇರೋದು ದ್ರವವಾಗಿ. ಆವಿಯಾದರೆ ಸುಮಾರು 250 ಪಟ್ಟು ಹಿಗ್ಗುತ್ತೆ. ನಿಲ್ಲಿಸಿಟ್ಟಾಗ ಮೇಲಿನ ಆವಿ ಮಾತ್ರ ಒಲೆಗೆ ಬರುತ್ತೆ. ಅಡ್ಡ ಮಲಗಿಸಿದರೆ ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತೆ, ಬರ್ನರಿನಿಂದ ಆಳೆತ್ತರ ಬೆಂಕಿ ಏಳುತ್ತೆ. ಕಾಯಿಸಿದರೆ ಒಳಗಿನ ಒತ್ತಡ ಏರುತ್ತೆ. ನಾಲ್ಕು ದಿನದ ಗ್ಯಾಸ್ ಉಳಿಸೋಕೆ ಹೋಗಿ ಹುಬ್ಬು, ಕೂದಲು ಸುಟ್ಕೊಂಡವರನ್ನು ನಾನೇ ನೋಡಿದ್ದೇನೆ.

ವಾಟ್ಸಾಪ್ ತಾತ: ನನಗೆ ಬಂದಿದ್ದನ್ನು ಕಳಿಸಿದೆ ಅಷ್ಟೇ.

ಶಿರಸಿ ಭಟ್ರು: ಒದ್ದೆ ಬಟ್ಟೆಯಿಂದ ಸಿಲಿಂಡರ್ ಒರೆಸಿ ಎಷ್ಟು ಗ್ಯಾಸ್ ಉಳಿದಿದೆ ಅಂತ ನೋಡ್ತಾರಲ್ಲ, ಅದೂ ಸುಳ್ಳೇ?

ಮೇಸ್ತ್ರಿ: ಅದು ನಿಜ. ದ್ರವ ಇರುವ ಕಡೆ ನಿಧಾನಕ್ಕೆ ಒಣಗುತ್ತೆ, ಖಾಲಿ ಇರೋ ಕಡೆ ಬೇಗ. ನಮ್ಮಮ್ಮನೂ ಹಾಗೇ ನೋಡೋದು.

ತೀರ್ಥಹಳ್ಳಿ ಸೊಸೆ: ನಾಲ್ಕೂ ಬರ್ನರ್ ಹಾಗೇ ಉರಿಯುತ್ತೆ. ಒಲೆ ಬೆಂಗಳೂರಲ್ಲಿ ತಗೊಂಡಿದ್ದು, ಮೂರು ವರ್ಷ ಆಯ್ತು. ಅಲ್ಲಿ ಚೆನ್ನಾಗೇ ಇತ್ತು. ಹೋದ ತಿಂಗಳು ಊರಿಗೆ ಬಂದು ನೆಲೆಸಿದೆವು, ಆಗಿನಿಂದ ಶುರು. ಸಾಗಿಸುವಾಗ ಏನಾದರೂ ಪೆಟ್ಟಾಯಿತೇನೋ.

ಮೇಸ್ತ್ರಿ: ಬೆಂಗಳೂರಲ್ಲಿ ಸಿಲಿಂಡರೋ ಪೈಪ್ ಗ್ಯಾಸೋ?

ತೀರ್ಥಹಳ್ಳಿ ಸೊಸೆ: ಅಪಾರ್ಟ್‌ಮೆಂಟಲ್ವಾ, ಪೈಪ್ ಗ್ಯಾಸ್. ಇಲ್ಲಿ ಸಿಲಿಂಡರ್. ಒಂದು ವಿಷಯ, ಇದಕ್ಕೂ ಅದಕ್ಕೂ ಸಂಬಂಧ ಇದೆಯೋ ಗೊತ್ತಿಲ್ಲ. ಅತ್ತೆಗೂ ಮಗನಿಗೂ ದಿನಾ ಬೆಳಿಗ್ಗೆ ತಲೆನೋವು. ಪಿತ್ತ ಅಂತ ಜೀರಿಗೆ ಕಷಾಯ ಕೊಡ್ತಿದ್ದೇವೆ. ಪುನರ್ವಸು ಮಳೆ ಹೊಡೀತಿದೆ, ಕಿಟಕಿ ತೆಗೆದರೆ ಇರಚಲು. ತೋಟದ ಕಡೆ ಹೋಗಿ ಬಂದರೆ ಅತ್ತೆಗೆ ಪರವಾಗಿಲ್ಲ ಅನ್ನಿಸುತ್ತಂತೆ.

ಮೇಸ್ತ್ರಿ: ಮೇಡಂ, ಈಗ ಒಲೆ ಹಚ್ಚಿದ್ದರೆ ಮೊದಲು ಆರಿಸಿ. ಸಿಲಿಂಡರಿನ ಹತ್ತಿರ ರೆಗ್ಯುಲೇಟರ್ ಕೂಡ ಆಫ್ ಮಾಡಿ. ಇರಚಲು ಬಂದರೂ ಸರಿ, ಕಿಟಕಿ, ಬಾಗಿಲು ತೆಗೆಯಿರಿ. ಅತ್ತೆಯವರನ್ನೂ ಮಗನನ್ನೂ ಜಗುಲಿಗೆ ಕಳಿಸಿ. ಆಮೇಲೆ ಇದನ್ನು ಓದಿ.

ನಿಮ್ಮ ಒಲೆಗೆ ಪೆಟ್ಟೇನೂ ಆಗಿಲ್ಲ. ಪೈಪ್ ಗ್ಯಾಸಿಗೂ ಸಿಲಿಂಡರ್ ಗ್ಯಾಸಿಗೂ ಜೆಟ್ ಬೇರೆ ಬೇರೆ. ಪೈಪಿನಲ್ಲಿ ಬರೋದು ಮೀಥೇನ್, ಹಗುರ ಗ್ಯಾಸ್, ಅದರಲ್ಲಿ ಶಾಖ ಕಡಿಮೆ. ಅದಕ್ಕೇ ಅದರ ಜೆಟ್ಟಿನ ತೂತು ದೊಡ್ಡದು. ಸಿಲಿಂಡರ್ ಗ್ಯಾಸಿನಲ್ಲಿ ಅಷ್ಟೇ ಅಳತೆಗೆ ಹೆಚ್ಚೂ ಕಮ್ಮಿ ಎರಡೂವರೆ ಪಟ್ಟು ಶಾಖ, ಒತ್ತಡವೂ ಜಾಸ್ತಿ. ನೀವು ದೊಡ್ಡ ತೂತಿನ ಒಲೆಗೆ ಸಿಲಿಂಡರ್ ಜೋಡಿಸಿದ್ದೀರಿ. ಗ್ಯಾಸ್ ರಾಶಿ ರಾಶಿ ನುಗ್ಗುತ್ತಿದೆ, ಅಷ್ಟಕ್ಕೂ ಬೇಕಾದ ಗಾಳಿ ಎಳೆದುಕೊಳ್ಳೋಕೆ ಬರ್ನರ್ ಕೈಲಿ ಆಗ್ತಿಲ್ಲ. ಅರೆಬರೆ ಸುಟ್ಟ ಗ್ಯಾಸೇ ನಿಮ್ಮ ಕುಕ್ಕರ್ ತಳದ ಮಸಿ.

ಮಸಿಯನ್ನು ಉಜ್ಜಿದರೆ ಹೋಗುತ್ತೆ. ನನಗೆ ಭಯ ಇರೋದು ಕಾಣದ್ದರ ಮೇಲೆ. ಗ್ಯಾಸ್ ಅರೆಬರೆ ಸುಟ್ಟರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಮಗೆ ಮೂಗಿಗೆ ಹೊಡೆಯುವ ಗ್ಯಾಸ್ ವಾಸನೆ ಲೀಕ್ ಗೊತ್ತಾಗಲಿ ಅಂತ ಬೇಕಂತಲೇ ಸೇರಿಸಿದ್ದು. ಅದು ಬರಲಿಲ್ಲ ಅಂದಾಕ್ಷಣ ಎಲ್ಲ ಸರಿ ಇದೆ ಅಂತಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಮನೆಯಲ್ಲಿ ಒಬ್ಬರಿಗಲ್ಲ ಇಬ್ಬರಿಗೆ, ಹೊರಗೆ ಹೋದರೆ ಕಡಿಮೆ. ಇದು ಪಿತ್ತ ಅಂತ ನನಗೆ ಅನ್ನಿಸ್ತಿಲ್ಲ. ನಾನು ಡಾಕ್ಟರಲ್ಲ. ಇವತ್ತೇ ಡಾಕ್ಟರ ಹತ್ತಿರ ಹೋಗಿ. "ಒಲೆ ಸರಿಯಾಗಿ ಉರೀತಿಲ್ಲ, ಕಿಟಕಿ ಮುಚ್ಚಿದ್ದೆವು" ಅನ್ನೋದನ್ನು ಬಿಡದೆ ಹೇಳಿ. ಇಲ್ಲದಿದ್ದರೆ ಅವರೂ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸ್ತಾರೆ.

ನಾಲ್ಕೂ ಜೆಟ್ ಬದಲಾಗಬೇಕು. ಒಲೆ ಕಂಪನಿಯ ಸಿಲಿಂಡರ್ ಜೆಟ್ಟೇ ಆಗಬೇಕು. ಗಾಳಿ ಹೋಗುವ ಬಾಯನ್ನೂ ಹೊಂದಿಸಬೇಕು. ಪೈಪು, ರೆಗ್ಯುಲೇಟರ್ ಯಾವುದು ಹಾಕಿದ್ದಾರೋ ಅದನ್ನೂ ನೋಡಿಸಿ. ಅಲ್ಲಿಯ ತನಕ ಆ ಒಲೆ ಮುಟ್ಟಬೇಡಿ, ಕಾಫಿಗೂ ಬೇಡ. ಬರ್ನರ್ ಎತ್ತಿ ಜೆಟ್ಟಿನ ಫೋಟೋ ಕಳಿಸಿ.

ಎಲ್ಲಾ ಗೊತ್ತು: ಸುಮ್ನೆ ಹೆದರಿಸ್ತಿದ್ದೀರಿ. ನಮ್ಮಜ್ಜಿ ಸೌದೆ ಒಲೆಯಲ್ಲಿ 60 ವರ್ಷ ಬೇಯಿಸಿದರು. ಅದರ ಉರಿಯೂ ಹಳದಿನೇ. 91 ವರ್ಷ ಬದುಕಿದರು.

ಮೇಸ್ತ್ರಿ: ನಿಮ್ಮಜ್ಜಿ ಮನೆಗೆ ಹೆಂಚಿನ ಮಾಡು ಇತ್ತಲ್ವಾ? ಹೊಗೆ ಹೋಗೋಕೆ ಹೊಗೆಗೂಡು ಇತ್ತಲ್ವಾ? ಸೊಸೆ ಮೇಡಂ, ನಿಮ್ಮದು ಯಾವ ಮನೆ?

ತೀರ್ಥಹಳ್ಳಿ ಸೊಸೆ: ಹೊಸದು, ಆರ್‌ಸಿಸಿ. ಗಾಜಿನ ಕಿಟಕಿ. ಚಿಮಣಿ ಇನ್ನೂ ಹಾಕಿಸಿಲ್ಲ.

ಮೇಸ್ತ್ರಿ: ಎಲ್ಲಾ ಗೊತ್ತು ಸಾರ್, ಓದಿದ್ರಾ?

ಬಳ್ಳಾರಿ ಬಿಸಿಲು: ಅಣ್ಣಾ ನಮ್ಮ ಒಲೆ ಬಲಗಡೆ ಉರಿ ಸಣ್ಣ ಬರ್ತದೆ.

ಮೇಸ್ತ್ರಿ: ಮೊದಲ ಉತ್ತರ ಓದಿ.

ಎಚ್‌ಎಸ್‌ಆರ್ ಅಮ್ಮ: ಹಳದಿ ಉರಿ ಅಂದಿದ್ದಕ್ಕೆ ನನಗೂ ಭಯ ಆಯ್ತು. ನಮ್ಮನೇಲಿ ಒಮ್ಮೊಮ್ಮೆ ಉರಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ. ರಾತ್ರಿ ಮಾತ್ರ. ಬೆಳಿಗ್ಗೆ ಮತ್ತೆ ನೀಲಿ!

ಮೇಸ್ತ್ರಿ: ಪಾತ್ರೆಗೆ ಮಸಿ ಹತ್ತುತ್ತಾ? ಉರಿಯ ಆಕಾರ ಬದಲಾಗುತ್ತಾ? ರಾತ್ರಿ ಮನೆಯಲ್ಲಿ ಬೇರೆ ಏನು ನಡೆಯುತ್ತೆ? ಧೂಪ, ಸೊಳ್ಳೆ ಬತ್ತಿ?

ಎಚ್‌ಎಸ್‌ಆರ್ ಅಮ್ಮ: ಮಸಿ ಇಲ್ಲ. ಆಕಾರ ಹಾಗೇ ಇರುತ್ತೆ, ಬಣ್ಣ ಮಾತ್ರ. ಧೂಪ ಇಲ್ಲ. ಮಗುವಿಗೆ ನೆಗಡಿ ಅಂತ ತಣ್ಣನೆ ಹಬೆ ಬಿಡುವ ಹ್ಯುಮಿಡಿಫೈಯರ್ ಹಾಕ್ತೀವಿ.

ಮೇಸ್ತ್ರಿ: ಸಿಕ್ಕಿತು ನೋಡಿ! ಅದಕ್ಕೆ ಬೋರ್‌ವೆಲ್ ನೀರು ಹಾಕ್ತೀರಿ ಅಲ್ವಾ? ಗಡಸು ನೀರಿನ ಉಪ್ಪು, ಸುಣ್ಣ ಎಲ್ಲ ಆ ಮಂಜಿನ ಜೊತೆ ಗಾಳಿಗೆ ಸೇರುತ್ತೆ. ಅದು ಉರಿಗೆ ಬಿದ್ದು ಬಣ್ಣ ಕೊಡುತ್ತೆ. ಕಲ್ಲುಪ್ಪಿನ ಪುಡಿ ಉರಿಗೆ ಬಿದ್ದರೆ ಹೇಗೆ ಬಣ್ಣ ಬರುತ್ತೋ ಹಾಗೆ. ಇವತ್ತು ಆರ್‌ಓ ನೀರು ಹಾಕಿ ನೋಡಿ. ನಿಮ್ಮ ಒಲೆ ಚೆನ್ನಾಗಿದೆ. ಉರಿ ಉದ್ದಕ್ಕೆ ಓಲಾಡಿ, ತುದಿ ಹಳದಿಯಾಗಿ, ಮಸಿ ಹತ್ತಿದರೆ ಮಾತ್ರ ಯೋಚಿಸಿ. ಇಂಥ ಕೇಸು ನನಗೆ ಇಷ್ಟು ವರ್ಷದಲ್ಲಿ ಎರಡನೆಯದು.

ಹುಬ್ಬಳ್ಳಿ ಮಂದಿ: ಗಾಜೋ ಸ್ಟೀಲೋ ಅಣ್ಣಾರ?

ಇಂಡಕ್ಷನ್ ಸ್ವಾಮಿ: ಇದಕ್ಕೆಲ್ಲ ಒಂದೇ ಮದ್ದು, ಇಂಡಕ್ಷನ್. ಲೀಕ್ ಇಲ್ಲ, ಮಸಿ ಇಲ್ಲ.

ಮುದ್ದೆ ಪ್ರಿಯ: ಇಂಡಕ್ಷನ್ ಮೇಲೆ ಮುದ್ದೆ ತಿರುವಿ ತೋರಿಸಿ ನೋಡೋಣ.

ಇಂಡಕ್ಷನ್ ಸ್ವಾಮಿ: ದಿನಾ ತಿರುವ್ತೀವಿ.

ಶಿರಸಿ ಭಟ್ರು: ಕರೆಂಟ್ ಹೋದಾಗ ಏನು ತಿರುವ್ತೀರಿ? ನಮ್ಮಲ್ಲಿ ಮಳೆಗಾಲದಲ್ಲಿ ಮೂರು ದಿನ ಕರೆಂಟಿರಲ್ಲ.

ಇಂಡಕ್ಷನ್ ಸ್ವಾಮಿ: ಯುಪಿಎಸ್ ಅಂತ ಒಂದಿದೆ.

ಶಿರಸಿ ಭಟ್ರು: ಮೂರು ದಿನ?

ನಿವೃತ್ತ ಮಾವ: ಇಂಡಕ್ಷನ್ ಮೇಲೆ ಹೋಳಿಗೆ ಬೇಯಿಸಿದ್ದು ನಮ್ಮನೇಲಿ ಯಾರೂ ತಿನ್ನಲಿಲ್ಲ.

ಇಂಡಕ್ಷನ್ ಸ್ವಾಮಿ: ಹೋಳಿಗೆಗೂ ಕೊಬ್ಬರಿ ಎಣ್ಣೆ ಹಾಕಿದ್ರೇನೋ.

ನಿವೃತ್ತ ಮಾವ: ಮರ್ಯಾದೆ ಕೊಟ್ಟು ಮಾತಾಡಿ.

ಅಡ್ಮಿನ್: ದಯವಿಟ್ಟು ಒಲೆ ಪ್ರಶ್ನೆ ಮಾತ್ರ 🙏

ಮಂಡ್ಯ ಗೌಡ್ತಿ: ಸಿಲಿಂಡರ್ ಮುಗಿಯೋ ಹೊತ್ತಿಗೆ ಗ್ಯಾಸ್ ವಾಸನೆ ಜಾಸ್ತಿ ಬರುತ್ತೆ. ಲೀಕಾ?

ಮೇಸ್ತ್ರಿ: ವಾಸನೆಗೆ ಸೇರಿಸುವ ಮರ್ಕ್ಯಾಪ್ಟನ್ ಗ್ಯಾಸಿನಷ್ಟು ಬೇಗ ಆವಿಯಾಗಲ್ಲ, ತಳದಲ್ಲಿ ಉಳಿಯುತ್ತೆ. ಅದಕ್ಕೇ ಕೊನೆಗೆ ವಾಸನೆ ಜೋರು. ಆದರೂ "ಓ ಮುಗಿಯೋಕೆ ಬಂತು" ಅಂತ ಸುಮ್ಮನಿರಬೇಡಿ. ರೆಗ್ಯುಲೇಟರ್ ಸುತ್ತ, ಪೈಪಿನ ಎರಡೂ ತುದಿಗೆ ಸೋಪಿನ ನೊರೆ ಹಚ್ಚಿ. ಗುಳ್ಳೆ ಎದ್ದರೆ ಲೀಕ್.

ವಾಟ್ಸಾಪ್ ತಾತ: ಬೆಂಕಿಕಡ್ಡಿ ಗೀರಿ ಪೈಪಿನ ಉದ್ದಕ್ಕೂ ಹಿಡಿದರೆ ಲೀಕ್ ಕೂಡಲೇ ಗೊತ್ತಾಗುತ್ತದೆ ಎಂದು ಓದಿದ್ದೆ.

ಮೇಸ್ತ್ರಿ: ಗೊತ್ತಾಗುತ್ತೆ. ಹೇಳೋಕೆ ನೀವಿರಲ್ಲ.

ಎಲ್ಲರಿಗೂ ಒಂದೇ ಸಲ ಹೇಳ್ತೀನಿ, ಮತ್ತೆ ಕೇಳಬೇಡಿ. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ಲೀಕ್ ಆದರೆ ನೆಲದ ಮೇಲೆ ಹರಡುತ್ತೆ. ಲೈಟ್, ಫ್ಯಾನ್ ಸ್ವಿಚ್ ಆನ್ ಬೇಡ, ಆಫ್ ಕೂಡ ಬೇಡ. ರೆಗ್ಯುಲೇಟರ್ ತೆಗೆದು ಸಿಲಿಂಡರಿಗೆ ಮುಚ್ಚಳ ಹಾಕಿ. ಬಾಗಿಲು, ಕಿಟಕಿ ತೆಗೆದು ಹೊರಗೆ ಹೋಗಿ, 1906ಕ್ಕೆ ಫೋನ್ ಮಾಡಿ. ಹೊರಗೆ ಹೋಗಿ ಆಮೇಲೆ ಫೋನ್. ಪೈಪು ಐಎಸ್‌ಐ ಗುರುತಿನ ಸುರಕ್ಷಾ ಪೈಪೇ ಇರಲಿ, ಐದು ವರ್ಷಕ್ಕೆ ಬದಲಿಸಿ. ಇಲಿ ಕಚ್ಚಿದ್ದರೆ ಇವತ್ತೇ.

ವಾಟ್ಸಾಪ್ ತಾತ: ಸಿಲಿಂಡರ್ ಮೇಲೆ ಎ, ಬಿ, ಸಿ, ಡಿ ಅಂತ ಇರುತ್ತದೆ, ಆ ದಿನಾಂಕ ದಾಟಿದರೆ ಬಾಂಬಿನಂತೆ ಸಿಡಿಯುತ್ತದೆ ಎನ್ನುವುದಾದರೂ ನಿಜವೇ?

ಮೇಸ್ತ್ರಿ: ಅರ್ಧ. ಎ ಅಂದರೆ ಜನವರಿಯಿಂದ ಮಾರ್ಚ್, ಡಿ ಅಂದರೆ ಅಕ್ಟೋಬರಿಂದ ಡಿಸೆಂಬರ್, ಪಕ್ಕದಲ್ಲಿ ವರ್ಷ. ಅದು ಸಿಲಿಂಡರನ್ನು ಮತ್ತೆ ಪರೀಕ್ಷೆ ಮಾಡಿಸಬೇಕಾದ ಗಡುವು. ದಾಟಿದ್ದನ್ನು ತಂದರೆ ವಾಪಸ್ ಕಳಿಸಿ. ಆ ರಾತ್ರಿಯೇ ಸಿಡಿಯಲ್ಲ. ತಾತ, ದಯವಿಟ್ಟು ಇನ್ನು ಸಾಕು.

ಕಾಫಿ ತೋಟ: ನಮ್ಮದೂ ಉರಿ ಸಣ್ಣ, ಮೂರೂ ಬರ್ನರ್...

ಮೇಸ್ತ್ರಿ: ಮೇಲೆ ಇದೆ.

ಕಾಫಿ ತೋಟ: ಕೇಳಿದ್ದಕ್ಕೆ ಉತ್ತರ ಕೊಡೋಕೆ ಇಷ್ಟು ಸಿಡುಕು ಯಾಕೆ? ಹಾಗಿದ್ದರೆ ಬರಬಾರದಿತ್ತು.

ರೇಷ್ಮೆ ಸೀರೆ: ಅವರು ಫ್ರೀಯಾಗಿ ಹೇಳ್ತಿದ್ದಾರೆ. ಸ್ವಲ್ಪ ಮೇಲೆ ಹೋಗಿ ಓದಿದರೆ ಬೆರಳು ಸವೆಯುತ್ತಾ?

ತೀರ್ಥಹಳ್ಳಿ ಸೊಸೆ: ಮೇಸ್ತ್ರಿಗಳೇ, ತಡವಾಯ್ತು ಕ್ಷಮಿಸಿ. ಒಲೆ ಬಂದ್ ಮಾಡಿದ್ದೇವೆ. ಅತ್ತೆ ಬಚ್ಚಲೊಲೆಯಲ್ಲಿ ಅನ್ನಕ್ಕೆ ಇಟ್ಟಿದ್ದಾರೆ, ಅಲ್ಲಿ ಹೊಗೆಗೂಡು ಇದೆ. ಡಾಕ್ಟರ ಹತ್ತಿರ ಹೋಗಿ ಬಂದೆವು. ಗ್ಯಾಸ್ ವಿಷಯ ಹೇಳಿದ ಮೇಲೆ ರಕ್ತ ಪರೀಕ್ಷೆಗೆ ಬರೆದರು. ಇಬ್ಬರಿಗೂ ಸ್ವಲ್ಪ ಹೊತ್ತು ಆಕ್ಸಿಜನ್ ಕೊಟ್ಟರು. ಇಲ್ಲಿಯ ರಿಪೇರಿಯವರು ಬಂದಿದ್ದಾರೆ. ಹೊಸ ಜೆಟ್ ಯಾಕೆ, ಇದನ್ನೇ ಸುತ್ತಿಗೆಯಿಂದ ತಟ್ಟಿ ತೂತು ಸಣ್ಣ ಮಾಡ್ತೀನಿ ಅಂತಿದ್ದಾರೆ. 200 ರೂಪಾಯಿಗೆ ಮುಗಿಯುತ್ತಂತೆ. ಫೋಟೋ ಕಳಿಸಿದ್ದೇನೆ.

ಮೇಸ್ತ್ರಿ: ಬೇಡ. ಬೇಡವೇ ಬೇಡ. ತಟ್ಟಿದ ತೂತು ಗುಂಡಗೆ ಇರಲ್ಲ. ಗ್ಯಾಸ್ ಓರೆ ಚಿಮ್ಮುತ್ತೆ, ಗಾಳಿ ಸರಿಯಾಗಿ ಬೆರೆಯಲ್ಲ. ಮತ್ತೆ ಅದೇ ಕಥೆ. ಅವರಿಗೆ ಕಾಫಿ ಕೊಟ್ಟು ಕಳಿಸಿಬಿಡಿ. ಶಿವಮೊಗ್ಗದಲ್ಲಿ ಒಲೆ ಕಂಪನಿಯ ಸರ್ವಿಸ್ ಇದ್ದರೆ ಅಲ್ಲಿಗೆ ಮಾಡೆಲ್ ನಂಬರ್ ಹೇಳಿ. ಫೋಟೋದಲ್ಲಿ ನಿಮ್ಮ ಹೆಬ್ಬೆರಳು ಚೆನ್ನಾಗಿ ಬಂದಿದೆ, ಜೆಟ್ ಕಾಣ್ತಿಲ್ಲ.

ಎಲ್ಲಾ ಗೊತ್ತು: ತಟ್ಟಿಸಿದರೂ ನಡೆಯುತ್ತೆ. ನಮ್ಮ ಕಡೆ ಎಲ್ಲರೂ ಹಾಗೇ ಮಾಡಿಸೋದು.

ಮೇಸ್ತ್ರಿ: ಅವರ ಮಗನಿಗೆ ಆಕ್ಸಿಜನ್ ಕೊಟ್ಟಿದ್ದಾರೆ. ನೀವು ನಡೆಯುತ್ತೆ ಅಂತೀರಿ. ಇನ್ನು ನಿಮ್ಮ ಜೊತೆ ಮಾತಿಲ್ಲ.

ಹುಬ್ಬಳ್ಳಿ ಮಂದಿ: ನಂದ್ ಪ್ರಶ್ನೆ ಮುಂಜಾನಿಂದ ಐತ್ರೀ.

ಅಡ್ಮಿನ್: ಕಾಮೆಂಟ್ ಮುಚ್ಚುತ್ತಿದ್ದೇನೆ. ಇಬ್ಬರು ನನಗೆ ಪ್ರತ್ಯೇಕವಾಗಿ ದೂರು ಕೊಟ್ಟಿದ್ದಾರೆ, ಸಂಜೆ ಮಾತಾಡೋಣ.

ತೀರ್ಥಹಳ್ಳಿ ಸೊಸೆ: ಒಂದೇ ನಿಮಿಷ ಅಡ್ಮಿನ್. ಶಿವಮೊಗ್ಗಕ್ಕೆ ಫೋನ್ ಮಾಡಿದೆ. ಮಂಗಳವಾರ ಅವರೇ ಜೆಟ್ ತಂದು ಹಾಕಿಕೊಡ್ತಾರಂತೆ.

ಮೇಸ್ತ್ರಿ: ಒಳ್ಳೇದಾಯ್ತು. ಹಾಕಿದ ಮೇಲೆ ನಾಲ್ಕೂ ಬರ್ನರ್ ಹಚ್ಚಿ ಉರಿಯ ಫೋಟೋ ಕಳಿಸಿ. ಹೆಬ್ಬೆರಳು ಬೇಡ.