ಮೀನು ಹಿಡಿಯುವಾಗ ದೋಣಿಯ ಬಳಿಗೆ ದೊಡ್ಡ ಬಿಳಿ ಶಾರ್ಕ್ ಬಂದರೆ ಏನು ಮಾಡಬೇಕು?

ಪ್ರಶ್ನೆ: ಅಡಿಲೇಡ್‌ನಿಂದ

ಎಲ್ಲರಿಗೂ ನಮಸ್ಕಾರ. ಊರು ಮಲ್ಪೆಯಾದ್ದರಿಂದ ತಾಟೆ ಮೀನನ್ನು, ಅಂದರೆ ನಮ್ಮ ಕಡಲಿನ ಶಾರ್ಕನ್ನು, ಚಿಕ್ಕಂದಿನಿಂದ ನೋಡಿದ್ದೇನೆ. ಆದರೆ ಇಲ್ಲಿನವರು ವೈಟ್ ಪಾಯಿಂಟರ್ ಎನ್ನುವ ದೊಡ್ಡ ಬಿಳಿ ಶಾರ್ಕನ್ನು ಜೀವಂತವಾಗಿ ಕಂಡದ್ದು ಇದೇ ಮೊದಲು. ರಜೆ ಸಿಕ್ಕಾಗ ಗೆಳೆಯರೊಬ್ಬರ 5 ಮೀಟರ್ ಉದ್ದದ ಅಲ್ಯೂಮಿನಿಯಂ ದೋಣಿಯಲ್ಲಿ ಸ್ಪೆನ್ಸರ್ ಕೊಲ್ಲಿಗೆ ಹೋಗುತ್ತೇವೆ. ಸಾಮಾನ್ಯವಾಗಿ ಸಿಗುವುದು ನಮ್ಮ ಕಾಣೆ ಮೀನಿನ ಬಳಗದ್ದೇ ಆದ ಕಿಂಗ್ ಜಾರ್ಜ್ ವೈಟಿಂಗ್. ಈ ಸಲ ಯೆಲ್ಲೋಟೇಲ್ ಕಿಂಗ್‌ಫಿಶ್ ಒಂದು ಗಾಳಕ್ಕೆ ಬಿದ್ದಿತ್ತು. ಅದನ್ನು ಎಳೆಯುತ್ತಿದ್ದಾಗ ದಾರ ಒಮ್ಮೆಲೇ ಭಾರವಾಗಿ, ಮರುಕ್ಷಣವೇ ಹಗುರಾಯಿತು. ಮೇಲೆ ಬಂದದ್ದು ಕಿವಿರಿನ ಹಿಂದೆ ತುಂಡಾದ ತಲೆ ಮಾತ್ರ. ಸ್ವಲ್ಪ ಹೊತ್ತಿನಲ್ಲೇ, ದೋಣಿಗಿಂತ ಕೊಂಚವೇ ಗಿಡ್ಡವಾದ ಶಾರ್ಕ್ ನಮ್ಮನ್ನು ನಿಧಾನವಾಗಿ ಸುತ್ತುಹಾಕಿತು. ಬೂದು ಬೆನ್ನೂ ಬಿಳಿ ಹೊಟ್ಟೆಯೂ ಕೂಡುವ ಗೆರೆ ಹರಿದ ಕಾಗದದ ಅಂಚಿನಂತೆ ಸ್ಪಷ್ಟವಾಗಿ ಕಾಣುವಷ್ಟು ಹತ್ತಿರ ಬಂದು, ಎಂಜಿನ್ನಿನ ಪ್ರೊಪೆಲ್ಲರಿಗೆ ಮೂತಿ ತಾಗಿಸಿ ಹೋಯಿತು. ಇದನ್ನು ದಾಳಿ ಎಂದು ತಿಳಿಯಬೇಕೇ? ಇಷ್ಟು ಸಣ್ಣ ದೋಣಿಯಲ್ಲಿ ಅಂಥ ಹೊತ್ತಿನಲ್ಲಿ ಏನು ಮಾಡಬೇಕು?

ಉತ್ತರ: ಪೋರ್ಟ್ ಲಿಂಕನ್‌ನಿಂದ

ನಿಮ್ಮ ವಿವರಣೆಯನ್ನು ಓದಿದರೆ ದಾಳಿ ಎನ್ನಲು ಕಾರಣ ಕಾಣುವುದಿಲ್ಲ. ಶಾರ್ಕಿನ ಮೂತಿಯ ಚರ್ಮದಲ್ಲಿ ಲೋಳೆ ತುಂಬಿದ ಸಣ್ಣ ಸಣ್ಣ ರಂಧ್ರಗಳಿದ್ದು, ಬೇಟೆಯ ದೇಹದಿಂದ ಹೊಮ್ಮುವ ಅತಿ ಕ್ಷೀಣವಾದ ವಿದ್ಯುತ್ತನ್ನೂ ಅದು ಅವುಗಳಿಂದ ಗುರುತಿಸುತ್ತದೆ. ಉಪ್ಪುನೀರಿನಲ್ಲಿ ಬೇರೆ ಬೇರೆ ಲೋಹಗಳು ಒಂದಕ್ಕೊಂದು ತಾಗಿಕೊಂಡಿದ್ದಾಗಲೂ ಅಲ್ಪ ಪ್ರಮಾಣದ ವಿದ್ಯುತ್ ಹರಿಯುವುದರಿಂದ ಎಂಜಿನ್ನಿನ ಕೆಳಭಾಗ, ಲಂಗರಿನ ಸರಪಳಿ ಮುಂತಾದವು ಅದರ ಕುತೂಹಲವನ್ನು ಕೆರಳಿಸುತ್ತವೆ. ಕೈಗಳಿಲ್ಲದ ಪ್ರಾಣಿ ಮೂತಿಯಿಂದಲೂ ಬಾಯಿಂದಲೂ ಮುಟ್ಟಿ ನೋಡುತ್ತದೆ. ಆದರೆ ಆ ಪರೀಕ್ಷೆಗೆ ನಮ್ಮ ಕೈ ಸಿಕ್ಕರೆ ಆಗುವ ಗಾಯ ಸಣ್ಣದಲ್ಲ ಎಂಬುದನ್ನು ಮರೆಯಬಾರದು.

ಅದನ್ನು ದೋಣಿಯ ಬಳಿಗೆ ಕರೆತರುವುದು ನಮ್ಮದೇ ಕೆಲಸ. ಗಾಳಕ್ಕೆ ಸಿಕ್ಕ ಮೀನಿನ ಒದ್ದಾಟದ ಕಂಪನ ದೂರಕ್ಕೆ ತಲುಪುತ್ತದೆ; ಮೀನನ್ನು ಸೆಳೆಯಲೆಂದು ನೀರಿಗೆ ಸುರಿಯುವ ಜಜ್ಜಿದ ಮೀನಿನ ವಾಸನೆ ಅಲೆಯೊಂದಿಗೆ ಇನ್ನೂ ದೂರ ಹೋಗುತ್ತದೆ. ಇಲ್ಲಿಂದ ಸುಮಾರು 70 ಕಿಲೋಮೀಟರ್ ದಕ್ಷಿಣದ ನೆಪ್ಚೂನ್ ದ್ವೀಪಗಳಲ್ಲಿ ತುಪ್ಪಳದ ಸೀಲ್‌ಗಳ ದೊಡ್ಡ ನೆಲೆಯಿದೆ, ಅವುಗಳಿಗಾಗಿ ಬಿಳಿ ಶಾರ್ಕ್‌ಗಳೂ ಬರುತ್ತವೆ. ಸುಮಾರು 3 ಮೀಟರ್ ಬೆಳೆಯುವವರೆಗೆ ಅವುಗಳ ಮುಖ್ಯ ಆಹಾರ ಮೀನೇ. ಬೆಳೆದ ಮೇಲೆ ಸೀಲ್‌ಗಳತ್ತ ತಿರುಗಿದರೂ ಸುಲಭವಾಗಿ ಸಿಗುವ ಮೀನನ್ನು ಬಿಡುವುದಿಲ್ಲ.

ಆದ್ದರಿಂದ ಶಾರ್ಕ್ ಕಂಡ ಕೂಡಲೇ ಎರೆ ಸುರಿಯುವುದನ್ನು ನಿಲ್ಲಿಸಿ, ನೀರಿನಲ್ಲಿ ತೂಗುಹಾಕಿದ ಮೀನಿನ ಚೀಲವನ್ನು ಒಳಗೆಳೆದುಕೊಳ್ಳಿ. ಗಾಳದಲ್ಲಿ ಮೀನಿದ್ದರೆ ಅದನ್ನು ಉಳಿಸಿಕೊಳ್ಳುವ ಹಟ ಬೇಡ, ದಾರ ಕತ್ತರಿಸಿಬಿಡಿ. ದೋಣಿಯ ಅಂಚಿಗೆ ಬಾಗಿ ಮೀನನ್ನು ಎತ್ತಿಕೊಳ್ಳುವ ಹೊತ್ತೇ ಎಲ್ಲಕ್ಕಿಂತ ಅಪಾಯಕಾರಿ ಎಂಬುದು ನನ್ನ ದೃಢ ಅಭಿಪ್ರಾಯ. ಎಲ್ಲರೂ ನಡುವೆ ಕುಳಿತು, ಶಾರ್ಕ್ ಆಚೆ ಸರಿದಾಗ ಲಂಗರು ಎತ್ತಿ, ನಿಧಾನವಾಗಿ ಬೇರೆ ಜಾಗಕ್ಕೆ ಹೋಗಿ. ದೋಣಿಯ ಹುಟ್ಟಿನಿಂದ ಶಾರ್ಕಿಗೆ ಹೊಡೆಯುವುದು, ಫೋಟೋಕ್ಕಾಗಿ ಮೀನಿನ ತುಂಡು ತೋರಿಸಿ ಹತ್ತಿರ ಕರೆಯುವುದು, ಎರಡನ್ನೂ ಖಂಡಿತ ಮಾಡಬೇಡಿ.

ಉತ್ತರ: ನ್ಯೂ ಸೌತ್ ವೇಲ್ಸ್‌ನಿಂದ

ಮೇಲಿನವರು ಹೇಳಿದ್ದೆಲ್ಲ ಸರಿಯಾಗಿದೆ. ಸಣ್ಣ ದೋಣಿಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. 2017ರ ಮೇ ತಿಂಗಳಲ್ಲಿ ನಮ್ಮ ರಾಜ್ಯದ ಇವಾನ್ಸ್ ಹೆಡ್ ಬಳಿ 73 ವರ್ಷದ ಹಿರಿಯರೊಬ್ಬರು 4.5 ಮೀಟರ್ ಉದ್ದದ ದೋಣಿಯಲ್ಲಿ ಒಬ್ಬರೇ ಮೀನು ಹಿಡಿಯುತ್ತಿದ್ದಾಗ, ಸುಮಾರು 2.7 ಮೀಟರ್ ಉದ್ದದ, 200 ಕಿಲೋ ತೂಕದ ಬಿಳಿ ಶಾರ್ಕ್ ನೀರಿನಿಂದ ಹಾರಿ ದೋಣಿಯೊಳಗೇ ಬಿದ್ದಿತು. ಅದರ ಒರಟು ಚರ್ಮ ಉಜ್ಜಿ ಅವರ ತೋಳು ಸುಲಿದುಹೋಯಿತು. ಅವರು ದೋಣಿಯ ಅಂಚಿಗೆ ಹತ್ತಿ, ರೇಡಿಯೋದಲ್ಲಿ ಕರೆದಾಗ ರಕ್ಷಣಾ ದಳದ ಸ್ವಯಂಸೇವಕರು ಬಂದು ಕರೆದೊಯ್ದರು. ಇಂಥದ್ದು ತೀರಾ ಅಪರೂಪ. ಆದರೂ ಲೈಫ್ ಜಾಕೆಟ್ ಮೈಮೇಲೆಯೇ ಇರಬೇಕು, ರೇಡಿಯೋ ಕೈಗೆಟುಕುವಂತಿರಬೇಕು ಎನ್ನುವುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ.

ಉತ್ತರ: ಪರ್ತ್‌ನಿಂದ

ಕಾನೂನಿನ ವಿಷಯ ಯಾರೂ ಹೇಳಲಿಲ್ಲ. ಆಸ್ಟ್ರೇಲಿಯಾದಲ್ಲಿ ಬಿಳಿ ಶಾರ್ಕ್ ಸಂರಕ್ಷಿತ ಜೀವಿ. ಆಕಸ್ಮಿಕವಾಗಿ ಗಾಳಕ್ಕೆ ಸಿಕ್ಕರೆ ದೋಣಿಗೆ ಎಳೆಯದೆ, ಗಾಳದ ಹತ್ತಿರ ಎಷ್ಟು ಸಾಧ್ಯವೋ ಅಷ್ಟು ಸಮೀಪದಲ್ಲಿ, ಕೈಗೆ ಅಪಾಯವಾಗದಂತೆ ದಾರ ಕತ್ತರಿಸಿ ಬಿಡಬೇಕು. 1959ರಲ್ಲಿ ಇದೇ ದಕ್ಷಿಣ ಆಸ್ಟ್ರೇಲಿಯಾದ ಸೆಡೂನಾ ಬಳಿ ಆಲ್ಫ್ ಡೀನ್ ಎಂಬವರು ಗಾಳದ ಕೋಲಿನಿಂದ 1,208 ಕಿಲೋ ತೂಕದ ಬಿಳಿ ಶಾರ್ಕ್ ಹಿಡಿದು ವಿಶ್ವದಾಖಲೆ ಮಾಡಿದ್ದರು. ಆ ಕಾಲದಲ್ಲಿ ಅದು ಹೆಮ್ಮೆಯ ಸಂಗತಿಯಾಗಿತ್ತು. ಹೆಣ್ಣು ಶಾರ್ಕ್ ಮರಿ ಹಾಕುವ ಪ್ರಾಯಕ್ಕೆ ಬರಲು ಸುಮಾರು 30 ವರ್ಷ ಬೇಕೆಂಬ ಅಂದಾಜಿರುವಾಗ, ಒಂದನ್ನು ಕಳೆದುಕೊಂಡರೂ ಆ ಸ್ಥಾನ ತುಂಬಲು ಎಷ್ಟು ಕಾಲ ಹಿಡಿಯುತ್ತದೆ ಎಂಬುದನ್ನು ನಾವೆಲ್ಲ ಯೋಚಿಸಬೇಕು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಶಾರ್ಕನ್ನು ದೂರವಿಡುವ ವಿದ್ಯುತ್ ಸಾಧನವೊಂದನ್ನು ಕೊಳ್ಳುವ ಯೋಚನೆಯಿದೆ. ಅದರಿಂದ ಪ್ರಯೋಜನವಿದೆಯೇ?

ಉತ್ತರ: ಪೋರ್ಟ್ ಲಿಂಕನ್‌ನಿಂದ

ಸ್ವಲ್ಪ ಮಟ್ಟಿಗೆ ಇದೆ. ಸರ್ಫಿಂಗ್ ಮಾಡುವವರಿಗೆಂದು ತಯಾರಾದ ಐದು ಸಾಧನಗಳನ್ನು ಫ್ಲಿಂಡರ್ಸ್ ವಿಶ್ವವಿದ್ಯಾಲಯದವರು ನೆಪ್ಚೂನ್ ದ್ವೀಪಗಳ ಬಳಿ ಬಿಳಿ ಶಾರ್ಕ್‌ಗಳ ಮೇಲೆಯೇ ಪರೀಕ್ಷಿಸಿ, 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ ವಿದ್ಯುತ್ ಸಾಧನವಿದ್ದಾಗ ಎರೆಯನ್ನು ಕಚ್ಚಿ ಒಯ್ಯುವ ಪ್ರಮಾಣ ಶೇ. 96ರಿಂದ ಶೇ. 40ಕ್ಕೆ ಇಳಿಯಿತು. ಆ ಶೇ. 40 ಉಳಿದೇ ಇರುವುದರಿಂದ, ಸಾಧನವಿದೆಯೆಂಬ ಧೈರ್ಯದಲ್ಲಿ ಅದೇ ಜಾಗದಲ್ಲಿ ಗಾಳ ಹಾಕುತ್ತ ಕೂರುವುದನ್ನು ನಾನು ಒಪ್ಪುವುದಿಲ್ಲ. ಕೊಳ್ಳುವುದಾದರೆ ಮೊದಲು ಒಳ್ಳೆಯ ರೇಡಿಯೋ ಕೊಳ್ಳಿ.