ಡಾಲರ್ ಏರಿದೆ, ಆಡ್‌ಸೆನ್ಸ್ ದುಡ್ಡು ಯಾಕೆ ಏರಿಲ್ಲ? ಅನುಭವ ಇದ್ದವರು ಹೇಳಿ

ಚಿಕ್ಕಮಗಳೂರಿನಿಂದ ಪ್ರಶ್ನೆ:
ಮುಳ್ಳಯ್ಯನಗಿರಿ, ಕೆಮ್ಮಣ್ಣುಗುಂಡಿ ಕಡೆ ಬರುವವರಿಗಾಗಿ ಕನ್ನಡದಲ್ಲಿ ಒಂದು ವೆಬ್‌ಸೈಟ್ ನಡೆಸುತ್ತಿದ್ದೇನೆ. ಓದುಗರು ಕಡಿಮೆಯಾಗಿಲ್ಲ. ಡಾಲರ್ ಬೆಲೆ ಏರುತ್ತಿದೆ. ಆದರೂ ಆಡ್‌ಸೆನ್ಸ್‌ನಲ್ಲಿ (ನಮ್ಮ ಸೈಟಿನಲ್ಲಿ ಜಾಹೀರಾತು ಹಾಕಿ ಪಾಲು ಕೊಡುವ ಗೂಗಲ್ ಸೇವೆ) ಕಾಣುವ ಡಾಲರ್ ಇಳಿದಿದೆ. ಯಾಕೆ? ಡಾಲರ್ ಇನ್ನೂ ಏರಲಿ ಅಂತ ಪೇಮೆಂಟ್ ತಡೆಹಿಡಿದರೆ ಲಾಭ ಇದೆಯಾ?

ಸಕಲೇಶಪುರದಿಂದ:
ನಮ್ಮ ಕಡೆ ಎಲ್ಲರ ತಲೆಯಲ್ಲೂ ಕಾಫಿ ಲೆಕ್ಕ ಕೂತುಬಿಟ್ಟಿದೆ. ಅರೇಬಿಕಾ ರೇಟು ನ್ಯೂಯಾರ್ಕಿನಲ್ಲಿ, ರೊಬಸ್ಟಾ ರೇಟು ಲಂಡನ್ನಿನಲ್ಲಿ, ಎರಡೂ ಅಮೆರಿಕದ ದುಡ್ಡಿನಲ್ಲೇ. ರೂಪಾಯಿ ಬಿದ್ದರೆ ಬೆಳೆಗಾರನಿಗೆ ನಾಲ್ಕು ಕಾಸು ಜಾಸ್ತಿ. ಜಾಹೀರಾತು ಹಾಗಲ್ಲ.

ನಿಮ್ಮ ಪುಟದಲ್ಲಿ ಯಾರ ಜಾಹೀರಾತು ಬರುತ್ತಿದೆ ಅಂತ ಒಮ್ಮೆ ನೋಡಿ. ಬೆಂಗಳೂರಿನಲ್ಲಿ ಮನೆ ಸೈಟು ಮಾರುವವರು, ಸಾಲದ ಆ್ಯಪ್, ಕೋಚಿಂಗ್ ಸೆಂಟರ್. ಅವರು ಕೊಡುವುದು ರೂಪಾಯಿ. ಗೂಗಲ್ ಅದನ್ನು ಮಾರುಕಟ್ಟೆ ದರದಲ್ಲಿ ಡಾಲರ್ ಮಾಡಿ ತೋರಿಸುತ್ತದೆ, ಬ್ಯಾಂಕು ಮತ್ತೆ ರೂಪಾಯಿ ಮಾಡಿ ಕೊಡುತ್ತದೆ. ನಿಮ್ಮ ಪಾಲು 900 ರೂಪಾಯಿ ಅಂದುಕೊಳ್ಳಿ. ಡಾಲರ್ 75 ಇದ್ದಾಗ 12 ಡಾಲರ್ ಕಾಣುತ್ತದೆ, 90 ಆದಾಗ 10. ಎರಡು ಸಲವೂ ಕೈಗೆ ಬರುವುದು ಹೆಚ್ಚುಕಮ್ಮಿ ಅದೇ 900. ಹಾಗಾಗಿ ಗಾಬರಿ ಬೇಡ. ತಿಂಗಳ ದುಡ್ಡನ್ನು ರೂಪಾಯಿಗೆ ತಿರುಗಿಸಿ ಹೋಲಿಸಿ.

ಅಮೆರಿಕದಲ್ಲಿ ಕೂತು ಓದಿದವರಿಂದ ಬಂದ 12 ಡಾಲರ್ ಕಥೆ ಬೇರೆ. 75ರಲ್ಲಿ ಅದು 900 ರೂಪಾಯಿ, 90ರಲ್ಲಿ 1,080. ದುಬೈ, ಸೌದಿಯಲ್ಲಿರುವ ನಮ್ಮವರು ಓದಿದರೂ ಬಹುಪಾಲು ಹಾಗೇ. ಅಲ್ಲಿನ ದಿರ್ಹಾಮ್, ರಿಯಾಲ್ ಎರಡನ್ನೂ ಡಾಲರಿಗೆ ಕಟ್ಟಿಹಾಕಿದ್ದಾರೆ: ಡಾಲರಿಗೆ ಸುಮಾರು 3.67 ದಿರ್ಹಾಮ್, 3.75 ರಿಯಾಲ್. ನನ್ನದು ಮೆಣಸು, ಏಲಕ್ಕಿ ಬಗ್ಗೆ ಬರೆಯುವ ಸೈಟು. ಹೊರದೇಶದ ಓದುಗರು ಕೆಲವೇ ಜನ, ಆದರೆ ದುಡ್ಡಿನಲ್ಲಿ ಅವರ ಪಾಲು ದೊಡ್ಡದು. ದೇಶವಾರು ರಿಪೋರ್ಟ್ ತೆಗೆದು ನೋಡಿ. ನಿಮಗೆ ಡಾಲರ್ ಏರಿಕೆ ಎಷ್ಟು ತಟ್ಟುತ್ತದೆ ಅನ್ನೋದು ಅಲ್ಲೇ ಗೊತ್ತಾಗುತ್ತದೆ.

ಹಾಸನದಿಂದ:
ಮೇಲಿನವರು ಹೇಳಿದ್ದು ಸರಿ. ಚಿಕ್ಕ ಸೈಟಿನವರಿಗೆ ಇನ್ನೊಂದು ಹೊಡೆತ ಇದೆ. ಖಾತೆಯಲ್ಲಿ 100 ಡಾಲರ್ ಸೇರಿದ ಮೇಲೇ ಪೇಮೆಂಟ್ ಅಲ್ವಾ? ಡಾಲರ್ 75 ಇದ್ದಾಗ ಅದು 7,500 ರೂಪಾಯಿ, 90 ಆದರೆ 9,000. ಓದುಗರೆಲ್ಲ ಇಲ್ಲಿಯವರೇ ಆದರೆ ಗುರಿ ಮುಟ್ಟುವುದೇ ತಡ. ಕನ್ನಡದಲ್ಲಿ ಕಷ್ಟಪಟ್ಟು ಬರೆಯುವವರಿಗೆ ಇದು ನಿಜಕ್ಕೂ ನೋವಿನ ವಿಷಯ.

ಪೇಮೆಂಟ್ ತಡೆಹಿಡಿಯುವ ಸೆಟ್ಟಿಂಗ್ ಇದೆ. ಡಾಲರ್ ಆಗಿ ಕೂತ ದುಡ್ಡಿಗೆ ರೂಪಾಯಿ ಬಿದ್ದರೆ ಲಾಭ, ಅದೂ ನಿಜ. ಆದರೆ 2013ರ ಆಗಸ್ಟ್ ನೆನಪಿಸಿಕೊಳ್ಳಿ. ಡಾಲರ್ 68 ದಾಟಿತ್ತು, ಎಲ್ಲರೂ 70 ಆಗುತ್ತೆ ಅಂತಿದ್ದರು. ಎರಡು ತಿಂಗಳೊಳಗೆ 62ರ ಆಸುಪಾಸಿಗೆ ಇಳಿಯಿತು. ದರ ನೋಡಿ ಕಾಯಬೇಡಿ. ಬ್ಯಾಂಕ್ ಖರ್ಚು ಉಳಿಸಲು ಎರಡು ಮೂರು ತಿಂಗಳ ದುಡ್ಡು ಒಟ್ಟಿಗೆ ತರಿಸಿದರೆ ಅದರಲ್ಲಿ ಅರ್ಥ ಇದೆ.

ದುಡ್ಡು ಬಂದಾಗ ಬ್ಯಾಂಕ್ ಕೊಡುವ ಚೀಟಿಯನ್ನು ಸುಮ್ನೆ ಫೈಲಿಗೆ ಹಾಕಬೇಡಿ, ಓದಿ. ಸಾಮಾನ್ಯವಾಗಿ ತಿಂಗಳ 21ರಿಂದ 26ರೊಳಗೆ ಗೂಗಲ್‌ನಿಂದ ದುಡ್ಡು ಹೊರಡುತ್ತದೆ. ನನ್ನ ಚೀಟಿಯಲ್ಲಿ ಮೊದಲ ಸಾಲಿನಲ್ಲಿ ಡಾಲರ್, ಪಕ್ಕದಲ್ಲಿ ಬ್ಯಾಂಕ್ ಹಾಕಿದ ದರ. ಫೋನಿನಲ್ಲಿ ಕಾಣುವ ದರಕ್ಕಿಂತ ಅದು ಯಾವಾಗಲೂ ಕಡಿಮೆ. ಡಾಲರಿಗೆ ಒಂದೇ ರೂಪಾಯಿ ಕಡಿಮೆಯಾದರೂ 300 ಡಾಲರಿಗೆ 300 ರೂಪಾಯಿ ಹೋಯ್ತು. ಕೆಳಗೆ ಬ್ಯಾಂಕ್ ಶುಲ್ಕ, ಆಮೇಲೆ ಕರೆನ್ಸಿ ಬದಲಾವಣೆಗೆ ಜಿಎಸ್‌ಟಿ. 25 ಸಾವಿರದೊಳಗಿನ ಮೊತ್ತಕ್ಕೆ ಅದು 45 ರೂಪಾಯಿ. ಬ್ಯಾಂಕಿನಲ್ಲಿ 'ಇವತ್ತಿನ ಟಿಟಿ ಬೈಯಿಂಗ್ ರೇಟ್ ಎಷ್ಟು, ಹೊರದೇಶದ ದುಡ್ಡಿಗೆ ಶುಲ್ಕ ಎಷ್ಟು' ಅಂತ ಕೇಳಿ. ಹೊರದೇಶದಿಂದ ಖಾತೆಗೆ ಬಂದ ಡಾಲರನ್ನು ಬ್ಯಾಂಕ್ ಕೊಳ್ಳುವ ದರವೇ ಟಿಟಿ ಬೈಯಿಂಗ್ ರೇಟ್. ಎರಡು ಬ್ಯಾಂಕಿನಲ್ಲಿ ಕೇಳಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಮೂಡಿಗೆರೆಯಿಂದ:
ದುಡ್ಡು ಇಳಿದಿದ್ದು ಜನವರಿಯಲ್ಲಾ? ಹಾಗಿದ್ದರೆ ಡಾಲರಿನ ತಪ್ಪಲ್ಲ. ದಸರಾ, ದೀಪಾವಳಿ, ಕ್ರಿಸ್‌ಮಸ್‌ಗೆ ಕಂಪನಿಗಳು ಜಾಹೀರಾತಿಗೆ ಸುರಿಯುತ್ತವೆ, ಹೊಸ ವರ್ಷಕ್ಕೆ ಕೈ ಬಿಗಿ ಹಿಡಿಯುತ್ತವೆ. ಹೋದ ವರ್ಷದ ಅದೇ ತಿಂಗಳ ಜೊತೆ ಹೋಲಿಸಿ.

ಖರ್ಚಿನ ಕಡೆಯೂ ನೋಡಿ. ಬರುವುದು ರೂಪಾಯಿ ಮೂಲದ ದುಡ್ಡು, ಹೋಸ್ಟಿಂಗ್ (ಸೈಟ್ ಇಡುವ ಜಾಗದ ಬಾಡಿಗೆ), ಡೊಮೇನ್ (ಸೈಟಿನ ವಿಳಾಸ) ಬಿಲ್ ಮಾತ್ರ ಡಾಲರಿನಲ್ಲಿ ಇದ್ದರೆ ರೂಪಾಯಿ ಬಿದ್ದಾಗ ನಿಮಗೆ ನಷ್ಟವೇ. ಮುಂದಿನ ಸಲ ರಿನ್ಯೂ ಮಾಡುವ ಮುಂಚೆ ರೂಪಾಯಿಯಲ್ಲಿ ಬಿಲ್ ಮಾಡುವ ಕಂಪನಿಗಳ ದರ ವಿಚಾರಿಸಿ. ಕಾರ್ಡಿನಲ್ಲಿ ಡಾಲರ್ ಕಟ್ಟಿದರೆ ಕರೆನ್ಸಿ ಬದಲಾವಣೆ ಶುಲ್ಕ ಬೇರೆ ಬೀಳುತ್ತದೆ, ಅದನ್ನೂ ಸೇರಿಸಿ ಲೆಕ್ಕ ಹಾಕಿ.