ಜಿಂಕ್ ಪ್ಲೇಟಿನ ಎಚಿಂಗ್: ಬಿಳಿ ಉಳಿಯಬೇಕಾದಲ್ಲಿ ಕಪ್ಪು ಚುಕ್ಕೆಗಳು

ಪ್ರಶ್ನೆ (ಮಂಡ್ಯದಿಂದ)
ಅಜ್ಜಿ ಒಲೆಯ ಮುಂದೆ ಕುಳಿತು ಮುದ್ದೆ ತಿರುವುತ್ತಿರುವ ದೃಶ್ಯವನ್ನು, ಆಮ್ಲದಿಂದ ಗೆರೆ ಕೊರೆದು ಅಚ್ಚು ತೆಗೆಯಲು, ಜಿಂಕ್ ಪ್ಲೇಟಿನ ಮೇಲೆ ಬರೆದಿದ್ದೇನೆ. ಜೇನುಮೇಣ, ಬಿಟುಮೆನ್, ರಾಳ ಸೇರಿಸಿದ ಹಾರ್ಡ್ ಗ್ರೌಂಡ್ (ಆಮ್ಲ ತಡೆಯುವ ಲೇಪ). ಎಂಟು ಭಾಗ ನೀರಿಗೆ ಒಂದು ಭಾಗ ನೈಟ್ರಿಕ್ ಆಮ್ಲ. ಗೆರೆಗಳು ಚೆನ್ನಾಗಿಯೇ ಬಂದಿವೆ. ಆದರೆ ಪ್ರಿಂಟ್‌ನ ಎಡಗಡೆ ಕೆಳಮೂಲೆಯಲ್ಲಿ, ಸೀರೆಯ ನೆರಿಗೆಯ ಮೇಲೆಲ್ಲ, ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆಗಳು. ಪ್ಲೇಟಿನ ಜಿಡ್ಡು ಹೋಗಿಲ್ಲ ಎನ್ನುತ್ತಾರೆ ಗೆಳೆಯರು. ಹೌದೇ? ಇನ್ನೊಂದು ಪ್ಲೇಟ್ ಕೊಳ್ಳಲು ಸದ್ಯಕ್ಕೆ ಕೈಯಲ್ಲಿ ಕಾಸಿಲ್ಲ. ಫೋಟೋ ಹಾಕಿದ್ದೇನೆ.

ಉತ್ತರ (ಮೈಸೂರಿನಿಂದ)
ಜಿಡ್ಡು ಉಳಿದಿದ್ದರೆ ಚುಕ್ಕೆಗಳು ಪ್ಲೇಟಿನ ತುಂಬ ಅಲ್ಲಲ್ಲಿ ಕಾಣಬೇಕಿತ್ತು. ನಿಮ್ಮಲ್ಲಿ ಒಂದೇ ಮೂಲೆ. ಪ್ರಿಂಟ್‌ನಲ್ಲಿ ಎಡಗಡೆ ಎಂದರೆ ಪ್ಲೇಟಿನಲ್ಲಿ ಬಲಗಡೆ. ನೀವು ಬಲಗೈಯವರಾದರೆ ಅಂಗೈ ಊರಿದ ಜಾಗ ಅದೇ ಅಲ್ಲವೇ? ಕೈಯ ಬಿಸಿಗೂ ಬೆವರಿಗೂ ಗ್ರೌಂಡ್ ಮೆತ್ತಗಾಗಿ ತೆಳುವಾಗುತ್ತದೆ, ಆಮ್ಲ ಅಲ್ಲೇ ನುಗ್ಗುತ್ತದೆ. ಪ್ಲೇಟಿನ ಎರಡೂ ಬದಿಗೆ ಮರದ ತುಂಡಿಟ್ಟು, ಮೇಲೊಂದು ಪಟ್ಟಿ ಅಡ್ಡ ಹಾಕಿ, ಅದರ ಮೇಲೆ ಕೈ ಊರಿ ಬರೆಯಿರಿ.

ಜಿಡ್ಡಿನ ಅನುಮಾನವಿದ್ದರೆ, ಮುಂದಿನ ಸಲ ಗ್ರೌಂಡ್ ಹಚ್ಚುವ ಮೊದಲು ಪ್ಲೇಟಿನ ಮೇಲೆ ನೀರು ಬಿಡಿ. ಒಂದೇ ಹಾಳೆಯಾಗಿ ಹರಡಿದರೆ ಸರಿ. ಹನಿಹನಿಯಾಗಿ ಒಡೆದರೆ ಸೀಮೆಸುಣ್ಣದ ಪುಡಿಗೆ ನಾಲ್ಕು ಹನಿ ಅಮೋನಿಯಾ ಕಲಸಿ ಉಜ್ಜಿ.

ಪ್ರಶ್ನೆ ಕೇಳಿದವರು
ಬಲಗೈಯೇ ಸರ್, ಕೈಯನ್ನು ನೇರವಾಗಿ ಪ್ಲೇಟಿನ ಮೇಲೆಯೇ ಊರಿದ್ದೆ. ಈ ಪ್ಲೇಟನ್ನು ಉಳಿಸಿಕೊಳ್ಳಬಹುದೇ?

ಉತ್ತರ (ಮೈಸೂರಿನಿಂದ)
ಧಾರಾಳವಾಗಿ. ಸ್ಕ್ರೇಪರ್‌ನಿಂದ ಮೆಲ್ಲಗೆ ಹೆರೆದು, ಒಂದು ಹನಿ ಎಣ್ಣೆ ಬಿಟ್ಟು, ನುಣುಪಾದ ಉಕ್ಕಿನ ಉಪಕರಣವಾದ ಬರ್ನಿಷರ್‌ನಿಂದ ತಿಕ್ಕಿ. ನೆರಿಗೆಯ ಗೆರೆ ಮಾಸಿದರೆ ಡ್ರೈಪಾಯಿಂಟ್ ಸೂಜಿಯಿಂದ ನೇರವಾಗಿ ಗೀರಿ. ಸೀರೆಯನ್ನಷ್ಟೇ ತಿದ್ದಿ, ಹಿಂದಿನ ಗೋಡೆಗೆ ಕೈ ಹಾಕಬೇಡಿ. ಹೊಗೆ ಹಿಡಿದ ಅಡುಗೆಮನೆಗೆ ಆ ಚುಕ್ಕೆಗಳು ಒಪ್ಪುತ್ತವೆ. ಬೇಕೆಂದು ಮಾಡಿದರೂ ಹಾಗೆ ಬರುವುದಿಲ್ಲ!

ಇನ್ನೊಂದು ಮಾತು. ಚಿತ್ರ ಪ್ರಿಂಟ್ ಆಗುವಾಗ ಎಡಬಲ ತಿರುಗುವುದರಿಂದ ಫೋಟೋದಲ್ಲಿ ಅಜ್ಜಿಯ ಸೆರಗು ಬಲಭುಜದ ಮೇಲಿದೆ. ಮುಂದಿನ ಚಿತ್ರವನ್ನು ಟ್ರೇಸಿಂಗ್ ಕಾಗದದಲ್ಲಿ ಮಗುಚಿ ಪ್ಲೇಟಿಗೆ ಇಳಿಸಿ.

ಮತ್ತೊಬ್ಬರು (ಮಂಡ್ಯದಿಂದ)
ಮನೆಯೊಳಗೆ ನೈಟ್ರಿಕ್ ಆಮ್ಲದ ಹೊಗೆ ಯಾಕೆ? ಮೈಲುತುತ್ತ ಮತ್ತು ಉಪ್ಪಿನ ದ್ರಾವಣ ಜಿಂಕನ್ನು ಚೆನ್ನಾಗಿ ಕೊರೆಯುತ್ತದೆ. ಮೈಲುತುತ್ತ ನಮ್ಮೂರಿನ ಗೊಬ್ಬರದ ಅಂಗಡಿಯಲ್ಲೇ ಸಿಗುತ್ತದೆ. ಗೆರೆಯಲ್ಲಿ ಕೂರುವ ಕೆಂಚು ತಾಮ್ರದ ಕೆಸರನ್ನು ಮೆತ್ತನೆಯ ಕುಂಚದಿಂದ ಆಗಾಗ ಸರಿಸುತ್ತಿರಬೇಕು. ಫೆರಿಕ್ ಕ್ಲೋರೈಡ್ ತಾಮ್ರದ ಪ್ಲೇಟಿಗೆ ಸರಿ, ಜಿಂಕಿಗೆ ಬೇಡ. ಜಿಂಕ್ ಹಾಕಿದರೆ ಕಾದು ಕುದಿಯುತ್ತದೆ. ಬಳಸಿದ ದ್ರಾವಣವನ್ನು ಬಚ್ಚಲಿಗಾಗಲಿ ಗಿಡದ ಬುಡಕ್ಕಾಗಲಿ ಸುರಿಯಬೇಡಿ.